ಗೂಗಲಿನ ಮೊದಲ ಪುಟ ಮಾರಾಟಕ್ಕಿಲ್ಲ

"ಆರು ತಿಂಗಳಲ್ಲಿ ಗೂಗಲಿನ ಮೊದಲ ಪುಟ, ಗ್ಯಾರಂಟಿ. ದಿನಕ್ಕೆ ಹತ್ತು ಸಾವಿರ ಮಂದಿಯನ್ನು ನಿಮ್ಮ ವೆಬ್‌ಸೈಟಿಗೆ ತರಿಸಿಕೊಡುತ್ತೇವೆ." ವೆಬ್‌ಸೈಟ್ ಮಾಡಿದ ಹುಡುಗರಿಗೆಲ್ಲ ಇಂಥ ಕರೆ ಬರುತ್ತದೆ. ಹೆಸರು ನೋಂದಾಯಿಸಿ ವಾರ ಕಳೆಯುವುದರೊಳಗೆ ಇವರಿಗೆ ಹೇಗೆ ಗೊತ್ತಾಗುತ್ತದೋ! ಕೊಳವೆಬಾವಿ ತೋಡಿದ ಮನೆಗೆ ಪಂಪಿನ ಏಜೆಂಟರು ಬಂದ ಹಾಗೆ.

ನನ್ನ ಸೋದರಳಿಯ ಮತ್ತು ಅವನ ಇಬ್ಬರು ಗೆಳೆಯರು ಸೇರಿ ಕೃಷಿಕರಿಗೆಂದೇ ಒಂದು ಜಾಹೀರಾತು ವೆಬ್‌ಸೈಟ್ ಶುರು ಮಾಡಿದ್ದಾರೆ. ಗಿಡ, ದನ, ಹಳೆಯ ಯಂತ್ರ, ಜೇನುಪೆಟ್ಟಿಗೆ, ಹಲಸಿನ ಹಪ್ಪಳ, ಏನನ್ನು ಬೇಕಾದರೂ ಮಾರಾಟಕ್ಕೆ ಹಾಕಬಹುದು. ಬೇಕಾದವರು ನೇರ ಫೋನ್ ಮಾಡಬಹುದು. ಮಧ್ಯೆ ಯಾರೂ ಇಲ್ಲ, ಕೃಷಿಕರಿಗೆ ಖರ್ಚೂ ಇಲ್ಲ. ಮುಂದೆ ನರ್ಸರಿಯವರು, ಯಂತ್ರದ ಅಂಗಡಿಯವರು ಹಣ ಕೊಟ್ಟು ದೊಡ್ಡ ಜಾಹೀರಾತು ಹಾಕಿದರೆ ನಡೆಸಿಕೊಂಡು ಹೋಗಬಹುದು ಎಂಬ ಲೆಕ್ಕ. ಕೆಲಸ ಒಳ್ಳೆಯದೇ. ಆದರೆ ಜನ ಬರುತ್ತಿಲ್ಲ. ಕೈಯಲ್ಲಿ ಉಳಿದದ್ದು ನಲುವತ್ತು ಸಾವಿರ ರೂಪಾಯಿ. ಅದನ್ನು ಈ ಮೊದಲ ಪುಟದವರಿಗೆ ಕೊಡುವುದೋ ಬೇಡವೋ ಎಂದು ಕೇಳಲು ಬಂದಿದ್ದ. "ಮಾವ, ಟ್ರಾಫಿಕ್ ಇಲ್ಲದಿದ್ರೆ ಜಾಹೀರಾತು ಹಾಕುವವರಿಲ್ಲ. ಜಾಹೀರಾತು ಇಲ್ಲದಿದ್ರೆ ಟ್ರಾಫಿಕ್ ಇಲ್ಲ. ಎಲ್ಲಿಂದ ಶುರು ಮಾಡುವುದು, ನೀವೇ ಹೇಳಿ."

ನಮ್ಮಲ್ಲಿ ಇಂಥ ಪ್ರಯತ್ನ ಮಾಡುವ ಹುಡುಗರೂ ಕೃಷಿಕರ ಗುಂಪುಗಳೂ ಬೇರೆ ಇರಬಹುದು. ಅದಕ್ಕೇ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಕಲಿತವನಲ್ಲ. ಆದರೆ ಗೂಗಲಿನವರು ತಮ್ಮ ನಿಯಮಗಳನ್ನು ಗುಟ್ಟು ಮಾಡಿಲ್ಲ, ಯಾರೂ ಓದಬಹುದು. ಮಳೆಗಾಲದಲ್ಲಿ ಕೂತು ಓದಿದ್ದೇನೆ. ನನ್ನ ಸಲಹೆ ಇಷ್ಟೆ: ಒಂದು ಪೈಸೆಯನ್ನೂ ಕೊಡಬೇಡಿ.

ಗೂಗಲಿನಲ್ಲಿ ಹಣಕ್ಕೆ ಸಿಗುವ ಜಾಗ ಉಂಟು. ಅದರ ಮೇಲೆ ಪ್ರಾಯೋಜಿತ ಎಂಬ ಗುರುತು ಇರುತ್ತದೆ. ಹಣ ಕೊಡುವಷ್ಟು ದಿನ ಇರುತ್ತದೆ, ನಿಲ್ಲಿಸಿದ ದಿನ ಹೋಗುತ್ತದೆ. ಉಳಿದ ಜಾಗ ಮಾರಾಟದ್ದಲ್ಲ. ಹಣ ಪಡೆದು ಯಾವ ವೆಬ್‌ಸೈಟನ್ನೂ ಮೇಲಕ್ಕೆ ತರುವುದಿಲ್ಲ, ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲೇ ಬರೆದಿಟ್ಟಿದೆ. ಸರಿಯಾದವರು ಸರಿಯಾಗಿ ಕೆಲಸ ಮಾಡಿದರೂ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದೂ ಹೇಳಿದೆ. ಅಡಿಕೆ ಫಸಲಿಗೆ ವರ್ಷಗಟ್ಟಲೆ ಕಾಯುವ ನಮಗೆ ಇದೇನು ದೊಡ್ಡದು ಮಾರಾಯ್ರೆ!

ಹಾಗಾದರೆ ಈ ಗ್ಯಾರಂಟಿಯವರು ಮಾಡುವುದು ಏನು? ಅದು ತಿಳಿಯಬೇಕಾದರೆ ಗೂಗಲಿನ ಮೂಲ ಉಪಾಯ ತಿಳಿಯಬೇಕು. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬಿಬ್ಬರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಇದನ್ನು ಹೊಸೆದರು. 1998ರಲ್ಲಿ ಕಂಪೆನಿ ಕಟ್ಟಿದರು. ಒಂದು ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಬೇರೆಯವರು ತಮ್ಮ ಪುಟದಿಂದ ಅದಕ್ಕೆ ಎಷ್ಟು ಕೊಂಡಿ ಹಾಕಿದ್ದಾರೆ, ಕೊಂಡಿ ಹಾಕಿದವರು ಎಂಥವರು ಎಂದು ನೋಡುವುದು. ನಾವು ಸಸಿ ತರುವಾಗ ನರ್ಸರಿಯವನ ಮಾತಿಗಿಂತ ಅವನಲ್ಲಿಂದ ತಂದು ನೆಟ್ಟವರ ಮಾತು ಕೇಳುತ್ತೇವಲ್ಲ, ಹಾಗೇ. ಈಗ ಗೂಗಲ್ ಇನ್ನೂ ನೂರಾರು ಸಂಗತಿ ನೋಡುತ್ತದೆ. ಆದರೆ ಬೇರು ಅದು.

ಗ್ಯಾರಂಟಿಯವರು ಮಾರುವುದು ಹೆಚ್ಚಾಗಿ ಈ ಕೊಂಡಿಗಳನ್ನೇ. ಯಾರೂ ಓದದ ನೂರಾರು ಪುಟಗಳಲ್ಲಿ ನಿಮ್ಮ ವೆಬ್‌ಸೈಟಿನ ಹೆಸರು ತುರುಕುತ್ತಾರೆ. ಸುಳ್ಳು ಸಾಕ್ಷಿಗಳನ್ನು ಸಂಬಳಕ್ಕೆ ಇಟ್ಟ ಹಾಗೆ. ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡವರದೇ ಉದಾಹರಣೆ ಉಂಟು. ಜೆ.ಸಿ. ಪೆನ್ನಿ ಎಂಬುದು ಅಮೆರಿಕದ ಹಳೆಯ ದೊಡ್ಡ ಅಂಗಡಿ ಸಂಸ್ಥೆ. 2010ರ ಕೊನೆಯ ಹಬ್ಬದ ವ್ಯಾಪಾರದ ಹೊತ್ತಿಗೆ ಉಡುಪು, ಹಾಸಿಗೆಬಟ್ಟೆ ಎಂದು ಏನು ಹುಡುಕಿದರೂ ಅದೇ ಮೇಲೆ ಬರುತ್ತಿತ್ತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಬುಡ ಕೆದಕಿತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅದಕ್ಕೆ ಕೊಂಡಿಗಳಿದ್ದವು! ಗೂಗಲ್ ಕೂಡಲೇ ಅದನ್ನು ಬಹಳ ಕೆಳಕ್ಕೆ ತಳ್ಳಿತು. ತಮಗೆ ಗೊತ್ತೇ ಇರಲಿಲ್ಲ ಎಂದು ಆ ಸಂಸ್ಥೆ ಹೇಳಿ, ಹುಡುಕಾಟದ ಕೆಲಸ ನೋಡಿಕೊಳ್ಳುತ್ತಿದ್ದವರನ್ನು ಬಿಟ್ಟಿತು. ಅವರಿಗೆ ಬೀದಿಯಲ್ಲೂ ಅಂಗಡಿಗಳಿದ್ದವು, ತಡೆದುಕೊಂಡರು. ನಲುವತ್ತು ಸಾವಿರದ ಹುಡುಗರಿಗೆ ಎಲ್ಲಿ ಅಂಗಡಿ? 2012ರ ಏಪ್ರಿಲ್‌ನಲ್ಲಿ ಗೂಗಲ್ ಇಂಥ ಕೊಂಡಿಗಳನ್ನು ಹಿಡಿಯಲೆಂದೇ ತನ್ನ ಲೆಕ್ಕಾಚಾರಕ್ಕೆ ದೊಡ್ಡ ತಿದ್ದುಪಡಿ ತಂದಿತು. ಪೆಂಗ್ವಿನ್ ಎಂದು ಅದಕ್ಕೆ ಹೆಸರು.

ಇನ್ನು ದಿನಕ್ಕೆ ಹತ್ತು ಸಾವಿರ ಮಂದಿಯ ವಿಷಯ. ಹಾಗೆ ಮಾರುವ ಭೇಟಿಗಳಲ್ಲಿ ಬಹುಪಾಲು ಮನುಷ್ಯರದ್ದೇ ಅಲ್ಲ, ಯಂತ್ರಗಳದ್ದು. ಯಂತ್ರಕ್ಕೆ ಹಪ್ಪಳ ಬೇಡ, ಜೇನುಪೆಟ್ಟಿಗೆಯೂ ಬೇಡ. ಆ ಅಂಕೆ ತೋರಿಸಿ ನರ್ಸರಿಯವರಿಂದ ಜಾಹೀರಾತು ತೆಗೆದುಕೊಂಡರೆ ಅವರು ಒಂದು ಸಲ ಕೊಡುತ್ತಾರೆ. ಫೋನ್ ಬರದಿದ್ದರೆ ಎರಡನೇ ಸಲ ನಿಮ್ಮ ಮುಖ ನೋಡುವುದಿಲ್ಲ.

ಊರೆಲ್ಲ ಬೇಡ, ಒಂದು ತಾಲೂಕು ಸಾಕು

ಅಳಿಯನ ವೆಬ್‌ಸೈಟಿನಲ್ಲಿ ನನಗೆ ಹಿಡಿಸದ್ದು ಒಂದುಂಟು. ಕರ್ನಾಟಕದ 31 ಜಿಲ್ಲೆಗಳಿಗೂ ಬೇರೆ ಬೇರೆ ಪುಟ. ಒಂದೊಂದರಲ್ಲೂ ನಲುವತ್ತು ವಿಭಾಗ. ಅಂದರೆ 1240 ಪುಟ. ಜಾಹೀರಾತು ಇರುವುದು ಎಪ್ಪತ್ತೋ ಎಂಬತ್ತೋ. ಬೀದರಿನ ಟ್ರ್ಯಾಕ್ಟರ್ ಪುಟ ತೆರೆದರೆ ಖಾಲಿ. ಕೋಲಾರದ ದನದ ಪುಟವೂ ಖಾಲಿ. ಒಮ್ಮೆ ಬಂದು ಖಾಲಿ ಸಂತೆ ನೋಡಿದವನು ಮತ್ತೆ ಬರುತ್ತಾನೆಯೇ? ಗೂಗಲಿಗೂ ಇಂಥ ಪುಟ ಆಗದು. ಊರಿನ ಹೆಸರು ಮಾತ್ರ ಬದಲಿಸಿ ಒಂದೇ ಅಚ್ಚಿನಲ್ಲಿ ಎರೆದ ಪುಟಗಳನ್ನು ಅದು ಮೋಸದ ಪಟ್ಟಿಗೆ ಸೇರಿಸುತ್ತದೆ. 2006ರಲ್ಲಿ ಹುಡುಕುವ ಯಂತ್ರಕ್ಕೊಂದು ಪುಟ, ಜನರಿಗೆ ಬೇರೊಂದು ಪುಟ ತೋರಿಸಿದ್ದಕ್ಕೆ ಬಿಎಂಡಬ್ಲ್ಯು ಕಾರಿನ ಜರ್ಮನಿಯ ವೆಬ್‌ಸೈಟನ್ನೇ ಗೂಗಲ್ ಕೆಲವು ದಿನ ಹುಡುಕಾಟದಿಂದ ತೆಗೆದುಹಾಕಿತ್ತು. ಖಾಲಿ ಜಾಗ ತುಂಬಿಸಲು ಯಂತ್ರದಿಂದ ರಾಶಿ ರಾಶಿ ಲೇಖನ ಬರೆಸಿ ಹಾಕುವವರ ಮೇಲೂ 2024ರ ಮಾರ್ಚ್‌ನಲ್ಲಿ ನಿಯಮ ಬಿಗಿ ಮಾಡಿದೆ.

ಅಮೆರಿಕದ ಕ್ರೇಗ್ಸ್‌ಲಿಸ್ಟ್ ಇಂಥದ್ದೇ ಜಾಹೀರಾತು ವೆಬ್‌ಸೈಟ್. ಕ್ರೇಗ್ ನ್ಯೂಮಾರ್ಕ್ ಎಂಬವರು 1995ರಲ್ಲಿ ಸಾನ್ ಫ್ರಾನ್ಸಿಸ್ಕೋದ ತಮ್ಮ ಪರಿಚಯದವರಿಗೆ ಊರಿನ ಕಾರ್ಯಕ್ರಮಗಳ ಪಟ್ಟಿಯನ್ನು ಇಮೇಲಿನಲ್ಲಿ ಕಳಿಸುವುದರಿಂದ ಶುರು ಮಾಡಿದ್ದು. ಮರುವರ್ಷ ವೆಬ್‌ಸೈಟ್ ಆಯಿತು. ಬೇರೆ ಊರುಗಳಿಗೆ ಕಾಲಿಟ್ಟದ್ದು 2000ದಲ್ಲಿ. ಅಷ್ಟು ವರ್ಷ ಒಂದೇ ಊರು ಮತ್ತು ಅದರ ಸುತ್ತಮುತ್ತ. ನೋಡಲು ಚಂದ ಏನೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಅಲ್ಲಿ ಹುಡುಕಿದವನಿಗೆ ಸರಕು ಸಿಗುತ್ತಿತ್ತು.

ಹಾಗಾಗಿ ಒಂದು ತಾಲೂಕು, ಒಂದು ಋತು, ಎರಡೋ ಮೂರೋ ಸರಕು. ಮುಂಗಾರಿನ ಮೊದಲು ಅಡಿಕೆ ಸಸಿ, ಕರಿಮೆಣಸಿನ ಬಳ್ಳಿ. ನಮ್ಮ ತಾಲೂಕಿನಲ್ಲಿ ಗಿಡ ಮಾಡುವವರು ಎಷ್ಟು ಮಂದಿ ಇದ್ದಾರೋ ಅಷ್ಟೂ ಜನರ ಮನೆಗೆ ಬೈಕಿನಲ್ಲಿ ಹೋಗಿ, ಗಿಡದ ಫೋಟೋ ತೆಗೆದು, ರೇಟು ಕೇಳಿ, ನೀವೇ ಜಾಹೀರಾತು ಹಾಕಿಕೊಡಿ. ಅವರು ತಾವಾಗಿ ಬಂದು ಹಾಕುತ್ತಾರೆಂದು ಕಾದರೆ ಕಾಯುತ್ತಲೇ ಇರಬೇಕು. ಮಾರುವವರು ಮೊದಲೋ ಕೊಳ್ಳುವವರು ಮೊದಲೋ ಎಂಬ ಅಳಿಯನ ಪ್ರಶ್ನೆಗೆ ನನ್ನ ಉತ್ತರ ಇದೇ. ಮಾರುವವರು ಮೊದಲು, ಅದೂ ನೀವು ನಡೆದುಹೋಗಿ ತಂದ ಮಾರುವವರು.

ಜಾಹೀರಾತಿನ ಬರವಣಿಗೆ ಬಹಳ ಮುಖ್ಯ. "ಗಿಡ ಮಾರಾಟಕ್ಕಿದೆ" ಎಂಬ ತಲೆಬರಹ ಯಾರಿಗೂ ಸಿಗುವುದಿಲ್ಲ. "ಮಂಗಳ ಅಡಿಕೆ ಸಸಿ, ಒಂದೂವರೆ ವರ್ಷದ್ದು, ಸುಳ್ಯ" ಎಂದರೆ ಹುಡುಕುವವನಿಗೂ ಸಿಕ್ಕಿತು, ಗೂಗಲಿಗೂ ಅರ್ಥವಾಯಿತು. ಹೆಸರಿನ ಗೋಜಲು ಬೇರೆ ಉಂಟು. ನಮ್ಮಲ್ಲಿ ಪುನರ್ಪುಳಿ, ಘಟ್ಟದ ಮೇಲೆ ಮುರುಗಲು, ಪೇಟೆಯಲ್ಲಿ ಕೋಕಂ. ನಮ್ಮ ಒಳ್ಳೆಮೆಣಸು ಶಿರಸಿ ಕಡೆ ಕಾಳುಮೆಣಸು. ಮೂರು ಹೆಸರಿದ್ದರೆ ಮೂರನ್ನೂ ವಿವರದಲ್ಲಿ ಸಹಜವಾಗಿ ಬರೆಯಿರಿ. ನಮ್ಮವರು ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದೇ ಹೆಚ್ಚು, ಅದನ್ನೂ ಒಂದು ಕಡೆ ಸೇರಿಸಿ. ಜನ ಏನು ಬರೆದು ಹುಡುಕಿ ನಿಮ್ಮ ಪುಟ ಕಂಡರು, ಎಷ್ಟು ಮಂದಿ ಒಳಗೆ ಬಂದರು ಎಂದು ತಿಳಿಯಲು ಗೂಗಲಿನ ಸರ್ಚ್ ಕನ್ಸೋಲ್ ಎಂಬ ಸೌಲಭ್ಯ ಪುಕ್ಕಟೆ ಉಂಟು. ಗ್ಯಾರಂಟಿಯವರು ಹಣ ತೆಗೆದುಕೊಂಡು ಕಳಿಸುವ ಬಣ್ಣದ ವರದಿಗಿಂತ ಅದು ವಾಸಿ.

ಮಾರಿಹೋದ ದನದ ಜಾಹೀರಾತು ವರ್ಷಗಟ್ಟಲೆ ಅಲ್ಲೇ ಇರಬಾರದು. ತಿಂಗಳಿಗೊಮ್ಮೆ ಮಾರಿದವರಿಗೆ ಫೋನ್ ಮಾಡಿ, ಮುಗಿದದ್ದನ್ನು ತೆಗೆಯಿರಿ. ಹಾಗೆ ಕೇಳುವಾಗಲೇ "ಎಷ್ಟು ಫೋನ್ ಬಂತು?" ಎಂದೂ ಕೇಳಿ ಬರೆದಿಡಿ. ನರ್ಸರಿಯವರಿಗೆ ತೋರಿಸಬೇಕಾದ ಅಂಕೆ ಅದು.

ಹಣ ಕೊಟ್ಟ ಜಾಹೀರಾತುದಾರರ ವೆಬ್‌ಸೈಟಿಗೆ ನಿಮ್ಮಲ್ಲಿಂದ ಕೊಂಡಿ ಹಾಕುವಾಗ ಇದು ಪ್ರಾಯೋಜಿತ ಎಂಬ ಗುರುತನ್ನು ಪುಟದ ಒಳಗಿನ ಬರಹದಲ್ಲೂ ಇಡಬೇಕು. 2019ರಲ್ಲಿ ಗೂಗಲ್ ಅದಕ್ಕೆಂದೇ ಗುರುತು ಕೊಟ್ಟಿದೆ. ಇಡದಿದ್ದರೆ ನೀವೇ ಕೊಂಡಿ ಮಾರುವವರ ಸಾಲಿಗೆ ಸೇರಿದಿರಿ. ಜಾಹೀರಾತು ವೆಬ್‌ಸೈಟಿನವರು ಇದನ್ನು ಮರೆಯುವುದು ಸುಲಭ, ಯಾಕೆಂದರೆ ಅವರ ಕಸುಬೇ ಅದು.

ವಾಟ್ಸಾಪ್ ಇರುವಾಗ ವೆಬ್‌ಸೈಟ್ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗುಂಪಿನಲ್ಲಿ ಹಾಕಿದ ಜಾಹೀರಾತು ಮಧ್ಯಾಹ್ನದೊಳಗೆ ಶುಭೋದಯಗಳ ಅಡಿಗೆ ಹೋಗುತ್ತದೆ, ಗೂಗಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ವೆಬ್‌ಸೈಟಿನದ್ದು ಸಿಗುತ್ತದೆ, ಆದರೆ ಒಂದೊಂದು ಜಾಹೀರಾತಿಗೂ ಅದರದೇ ವಿಳಾಸ ಇರಬೇಕು, ಲಾಗಿನ್ ಆಗದೆ ಓದಲು ಬರಬೇಕು. ಲಾಗಿನ್ ಬಾಗಿಲಿನ ಒಳಗಿದ್ದದ್ದು ಗೂಗಲಿಗೆ ಕಾಣುವುದಿಲ್ಲ. ಆ ವಿಳಾಸವನ್ನೇ ವಾಟ್ಸಾಪಿಗೆ ಹಾಕಿದರೆ ಎರಡರ ಉಪಕಾರವೂ ಆಯಿತು. ಫೋಟೋ ಮಾತ್ರ ಸಣ್ಣದು ಮಾಡಿ. ನಮ್ಮ ಗುಡ್ಡದ ಬದಿಯ ಸಿಗ್ನಲಿಗೆ ನಿಮ್ಮ ದೊಡ್ಡ ಫೋಟೋ ತೆರೆಯುವಷ್ಟರಲ್ಲಿ ಜನ ಎದ್ದುಹೋಗುತ್ತಾರೆ.

ಫೋನ್ ನಂಬರನ್ನು ಹಾಗಲ್ಲ, ಒಂದು ಗುಂಡಿ ಒತ್ತಿದ ಮೇಲೆ ಕಾಣುವ ಹಾಗೆ ಮಾಡಿ. ಇದರ ಕಾರಣ ಗಂಭೀರ. ಜಾಹೀರಾತಿನ ನಂಬರ್ ಹಿಡಿದು "ನಾನು ದೂರದಲ್ಲಿದ್ದೇನೆ, ಹಣ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವ ಕಳ್ಳರು ಬಹಳ ಇದ್ದಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಈ ಒಂದು ಸಾಲನ್ನು ಪ್ರತಿ ಜಾಹೀರಾತಿನ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿ. ಮೋಸವಾದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕೆಂದೂ ಹಾಕಿ. ನಿಮ್ಮಲ್ಲಿ ಜಾಹೀರಾತು ಹಾಕಿದ ಒಬ್ಬ ಮುದುಕರ ಹತ್ತು ಸಾವಿರ ಹೋಯಿತೆಂದು ಸೊಸೈಟಿಯ ಜಗಲಿಯಲ್ಲಿ ಸುದ್ದಿಯಾದರೆ ಆಮೇಲೆ ಗೂಗಲಿನ ಮೊದಲ ಪುಟದಲ್ಲಿದ್ದೂ ಉಪಯೋಗವಿಲ್ಲ.

ನಲುವತ್ತು ಸಾವಿರದಲ್ಲಿ ಹೆಸರಿನ ನವೀಕರಣ, ಸರ್ವರಿನ ಬಾಡಿಗೆಗೆ ಒಂದಿಷ್ಟು ತೆಗೆದಿಟ್ಟು ಉಳಿದದ್ದನ್ನು ಪೆಟ್ರೋಲಿಗೂ ಫೋನಿಗೂ ಹಾಕಿ ಎಂದೆ. ಅಳಿಯ ಒಪ್ಪಿದ. ಗೆಳೆಯನೊಬ್ಬ ಇನ್ನೂ ಒಪ್ಪಿಲ್ಲ, ಅರ್ಧವಾದರೂ ಗ್ಯಾರಂಟಿಯವರಿಗೆ ಕೊಟ್ಟು ನೋಡೋಣ ಎನ್ನುತ್ತಿದ್ದಾನೆ. ಮೇ ತಿಂಗಳಿಗೆ ಗಿಡದ ವ್ಯಾಪಾರ ಬಿರುಸಾಗುತ್ತದೆ. ಅಷ್ಟರೊಳಗೆ ತಾಲೂಕಿನ ಗಿಡ ಮಾಡುವವರ ಪಟ್ಟಿ ಮುಗಿಸಬೇಕೆಂದು ಅಳಿಯ ಭಾನುವಾರದಿಂದ ಬೈಕ್ ಹತ್ತಿದ್ದಾನೆ.