ಮೊಮ್ಮಗು ಯಾವ ದೇಶದ ಪ್ರಜೆ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವವರು ಈಗ ಬೆಂಗಳೂರಿನ ಅಮ್ಮಂದಿರು ಮಾತ್ರ ಅಲ್ಲ. ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯಿಂದಲೂ ಮೆಂತ್ಯ, ಖಾರದ ಪುಡಿ ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ‘ಅಲ್ಲಿ ಹುಟ್ಟಿದ್ರೆ ಅಮೆರಿಕದ ಪ್ರಜೆ ಆಯ್ತು ಬಿಡಿ’ ಅನ್ನೋ ಮಾತು ಬೀಗರ ನಡುವೆ ಸಲೀಸಾಗಿ ಓಡಾಡುತ್ತಿತ್ತು.

ಆ ಮಾತಿಗೆ ಪೆಟ್ಟು ಬಿದ್ದದ್ದು 2025ರ ಜನವರಿ 20ರಂದು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಒಂದು ಆದೇಶಕ್ಕೆ ಸಹಿ ಹಾಕಿದರು. ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದಲ್ಲೋ ಅಲ್ಲಿದ್ದು, ತಂದೆ ಅಮೆರಿಕದ ಪ್ರಜೆಯಲ್ಲ, ಗ್ರೀನ್ ಕಾರ್ಡೂ ಇಲ್ಲ ಎಂದಾದರೆ ಮಗುವಿಗೆ ಹುಟ್ಟಿನಿಂದ ಪೌರತ್ವ ಇಲ್ಲ ಎನ್ನುತ್ತದೆ ಅದು. ಅಂದರೆ ಎಚ್-1ಬಿ ವೀಸಾದಲ್ಲಿ ದುಡಿಯುವ, ತೆರಿಗೆ ಕಟ್ಟುವ ನಮ್ಮ ಮಕ್ಕಳೂ ಇದರೊಳಗೆ ಬಂದರು. 1868ರಲ್ಲಿ ಅಲ್ಲಿನ ಸಂವಿಧಾನಕ್ಕೆ ಸೇರಿದ 14ನೇ ತಿದ್ದುಪಡಿಗೆ ಇದು ವಿರುದ್ಧ ಎಂದು ಕೆಳ ನ್ಯಾಯಾಲಯಗಳು ಆದೇಶವನ್ನು ತಡೆದವು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು.

ಟ್ರಂಪ್ ಮೇಲೆ ಸಿಟ್ಟು ಮಾಡಿಕೊಳ್ಳೋಣ, ಸರಿ. ಆದರೆ ಹುಟ್ಟಿದ ಜಾಗಕ್ಕಿಂತ ಅಪ್ಪ-ಅಮ್ಮನ ಕೈಲಿರುವ ಕಾಗದವೇ ದೊಡ್ಡದು ಎಂದು ನಮ್ಮ ಕಾನೂನು ಎಂದೋ ಹೇಳಿಬಿಟ್ಟಿದೆ! 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ್ದರೆ ಸಾಕಿತ್ತು. ಆಮೇಲೆ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದರ ಬಿಸಿ ನೋಡಬೇಕೆಂದರೆ ನೀವು ಮಕ್ಕಳನ್ನು ಕರೆದುಕೊಂಡು ಪಿಕ್ನಿಕ್ಕಿಗೆ ಹೋಗುವ ಬೈಲಕುಪ್ಪೆಯ ಟಿಬೆಟಿಯನ್ನರನ್ನು ನೋಡಿ. 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಭಾರತೀಯರೇ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಹಾಗಾಗಿ ನಿರಾಶ್ರಿತ ದಂಪತಿಗೆ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1988ರಲ್ಲಿ ಹುಟ್ಟಿದ ತಮ್ಮ ಅಲ್ಲ. ಒಂದೇ ತಾಯಿ, ಒಂದೇ ಮನೆ, ಒಂದೇ ಒಲೆ!

ಇನ್ನು ನಿಮ್ಮ ಮನೆಯ ವಿಷಯ. ಹೊರದೇಶದಲ್ಲಿ ಹುಟ್ಟಿದ ಮಗು ‘ನಮ್ಮದೇ ರಕ್ತ’ ಅಂದ ಮಾತ್ರಕ್ಕೆ ಭಾರತೀಯ ಆಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿಗೆ ಅಲೆಯಬೇಕು. ದುಬೈ, ಮಸ್ಕತ್‌ನಲ್ಲಿ ಹೆರಿಗೆಯಾದರೆ ಇದು ಇನ್ನೂ ಮುಖ್ಯ. ಭಾರತೀಯ ದಂಪತಿಯ ಮಗುವಿಗೆ ಅಲ್ಲಿನ ಪೌರತ್ವ ಸಿಗುವುದಿಲ್ಲ, ನೋಂದಣಿಯನ್ನೂ ಮರೆತರೆ ಮಗು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆದ್ದರಿಂದ ನಾಮಕರಣದ ಮುಹೂರ್ತ ಕೇಳುವಾಗಲೇ ‘ಕಾನ್ಸುಲೇಟ್ ಕೆಲಸ ಆಯ್ತಾ?’ ಅಂತ ಅಳಿಯಂದಿರನ್ನೂ ಒಂದು ಮಾತು ಕೇಳಿಬಿಡಿ. ಅಂದಹಾಗೆ, 1992ರ ಡಿಸೆಂಬರ್ 10ರವರೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯ ಕಡೆಯಿಂದ ಮಾತ್ರ ಭಾರತದ ಪೌರತ್ವ ಬರುತ್ತಿತ್ತು. ಹೆತ್ತವಳ ಪೌರತ್ವ ಲೆಕ್ಕಕ್ಕೇ ಇರಲಿಲ್ಲ!

ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದ್ದರೆ ಭಾರತದ್ದು ಸಿಗದು, ಒಸಿಐ ಕಾರ್ಡ್ ಸಿಗುತ್ತದೆ. ವೀಸಾ ತೊಂದರೆಯಿಲ್ಲದೆ ಬಂದು ಹೋಗಬಹುದು, ಆದರೆ ಮತದಾನ ಇಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಬೇಲೂರಿನ ಕಾಫಿ ತೋಟವನ್ನೋ ಅರಸೀಕೆರೆಯ ತೆಂಗಿನ ತೋಟವನ್ನೋ ಅಂಥ ಮೊಮ್ಮಗುವಿಗೆ ದಾನಪತ್ರ ಮಾಡಿಕೊಡಲೂ ಆಗುವುದಿಲ್ಲ. ವಾರಸಾಗಿ ಬಂದರೆ ಅಡ್ಡಿಯಿಲ್ಲ. ಹಾಗಾಗಿ ಆ ಯೋಚನೆ ಇದ್ದವರು ವಕೀಲರ ಹತ್ತಿರ ಕೂತು ವಿಲ್ ಬರೆಸುವುದು ಒಳ್ಳೆಯದು.