ಕಡಲಾಚೆಯ ಕಾನೂನು ವ್ಯಾಸಂಗ ಮತ್ತು ಮಲೆನಾಡಿನ ವಿದ್ಯಾರ್ಥಿ

ಕೆಳದಿಯ ಅರಸರಲ್ಲಿ ಶಿವಪ್ಪನಾಯಕನ ಹೆಸರು ಇಂದಿಗೂ ಜನರ ನಾಲಗೆಯ ಮೇಲೆ ಉಳಿದಿರುವುದು ಆತನು ಗೆದ್ದ ಕೋಟೆಗಳಿಗಿಂತ ಹೆಚ್ಚಾಗಿ ಆತನು ಏರ್ಪಡಿಸಿದ 'ಶಿಸ್ತಿ'ನಿಂದ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಮಣ್ಣಿನ ಗುಣವನ್ನೂ ಬರುವ ಫಸಲನ್ನೂ ನೋಡಿ ಕಂದಾಯವನ್ನು ಗೊತ್ತುಪಡಿಸಿದ ವ್ಯವಸ್ಥೆ ಅದು. ಕೆಳದಿ, ಇಕ್ಕೇರಿಗಳು ಇಂದಿನ ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಹೊಸನಗರದಲ್ಲಿಯೂ, ಕವಲೇದುರ್ಗ ತೀರ್ಥಹಳ್ಳಿಯಲ್ಲಿಯೂ ಇವೆ. ಈ ಮೂರು ತಾಲ್ಲೂಕುಗಳಲ್ಲಿ ನೆಲಕ್ಕೂ ಕಾನೂನಿಗೂ ಇರುವ ನಂಟು ಅಷ್ಟು ಹಳೆಯದು. ಇಲ್ಲಿಯ ವಕೀಲರ ಮುಂದೆ ಬಿಚ್ಚಿಕೊಳ್ಳುವ ಕಾಗದದ ಕಟ್ಟುಗಳಲ್ಲಿ ಗದ್ದೆ, ತೋಟ, ಸೊಪ್ಪಿನಬೆಟ್ಟ, ಕಾನು ಇವುಗಳ ಹೆಸರಿಲ್ಲದ ಕಟ್ಟು ಅಪರೂಪ.

ಇಂತಹ ನಾಡಿನ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ವಿಚಾರ ಪ್ರಸ್ತಾಪವಾಗುತ್ತಿದೆ. ಮೊದಲು ಎಂಜಿನಿಯರಿಂಗ್ ಓದಿದವರು ಮಾತ್ರ ಹೊರದೇಶಗಳ ಕಡೆ ಮುಖಮಾಡುತ್ತಿದ್ದರು. ಈಗ ಕಾನೂನನ್ನು ಆರಿಸಿಕೊಂಡ ಮಕ್ಕಳೂ ಲಂಡನ್, ಮೆಲ್ಬೋರ್ನ್, ನ್ಯೂಯಾರ್ಕುಗಳ ವಿಚಾರಣೆ ಮಾಡುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಈ ಪ್ರಯಾಣವನ್ನು ಯಾವಾಗ ಕೈಗೊಳ್ಳಬೇಕು, ಏನನ್ನು ಅರಸಿ ಕೈಗೊಳ್ಳಬೇಕು ಎಂಬ ವಿಷಯದಲ್ಲಿ ಪೋಷಕರಿಗೂ, ಮಾರ್ಗದರ್ಶನ ಮಾಡಬೇಕಾದ ಅಧ್ಯಾಪಕರಿಗೂ, ಉದಾರವಾಗಿ ನೆರವು ನೀಡುವ ದಾನಿಗಳಿಗೂ ಸ್ಪಷ್ಟ ಕಲ್ಪನೆ ಇರುವಂತೆ ಕಾಣುವುದಿಲ್ಲ. ವಿದೇಶಕ್ಕೆ ಹೊರಟವನಿಗೆ ಹಾರ ತುರಾಯಿಗಳ ಸನ್ಮಾನ ನಡೆಯುತ್ತದೆ; ಯಾವ ಕೋರ್ಸಿಗೆ, ಯಾವ ಉದ್ದೇಶಕ್ಕೆ ಎಂದು ಕೇಳುವವರು ಸಭೆಯಲ್ಲಿ ವಿರಳ.

ಪಿಯುಸಿ ಮುಗಿದೊಡನೆ ಕಾನೂನಿನ ಮೊದಲ ಪದವಿಗಾಗಿಯೇ ಹೊರಗೆ ಕಳುಹಿಸುವುದು ಒಂದು ದಾರಿ. ಇದು ಈ ಪ್ರದೇಶದ ವಿದ್ಯಾರ್ಥಿಗೆ ಎಷ್ಟುಮಾತ್ರಕ್ಕೂ ತಕ್ಕುದಲ್ಲ. ಅಲ್ಲಿ ಆತ ಕಲಿಯುವುದು ಆ ದೇಶದ ಆಸ್ತಿ ಕಾನೂನು, ಆ ದೇಶದ ವ್ಯವಹಾರ ಕಾನೂನು. ಹಿಂತಿರುಗಿದ ಮೇಲೆ ಭಾರತೀಯ ವಕೀಲರ ಪರಿಷತ್ತು ಮನ್ನಿಸಿದ ವಿಶ್ವವಿದ್ಯಾಲಯದ ಪದವಿಯಾಗಿದ್ದರೂ ಅರ್ಹತಾ ಪರೀಕ್ಷೆಯೊಂದನ್ನು ಮುಗಿಸದೆ ಸನ್ನದು ದೊರೆಯದು. 1961ರ ಭೂಸುಧಾರಣಾ ಕಾಯಿದೆಯನ್ನಾಗಲಿ 1964ರ ಭೂಕಂದಾಯ ಕಾಯಿದೆಯನ್ನಾಗಲಿ ತೆರೆದೇ ನೋಡದವನು ಸಾಗರದ ಕಚೇರಿಯಲ್ಲಿ ಪಹಣಿಯನ್ನು ಹಿಡಿದು ನಿಂತಾಗ ಆತನ ಸ್ಥಿತಿ ಹೇಗಿರಬಹುದೆಂಬುದನ್ನು ಊಹಿಸಬಹುದು. ಅಲ್ಲಿಯೇ ನೆಲೆಸುವ ಸಂಕಲ್ಪ ಮಾಡಿದವರ ಮಾತು ಬೇರೆ. ಅವರನ್ನು ಆಕ್ಷೇಪಿಸಲು ಕಾರಣವಿಲ್ಲ.

ಇನ್ನೊಂದು ದಾರಿ ಹೆಚ್ಚು ಬಳಕೆಯಲ್ಲಿರುವುದು. ಇಲ್ಲಿ ಎಲ್‌ಎಲ್‌ಬಿ ಮುಗಿಸಿ, ಕರಿಕೋಟಿನ ಮಡಿಕೆ ಬಿಡಿಸುವ ಮೊದಲೇ ಒಂದು ವರ್ಷದ ಎಲ್‌ಎಲ್‌ಎಂಗಾಗಿ ಹೊರಡುವುದು. ಅಮೆರಿಕದ ಹೆಸರಾಂತ ಶಾಲೆಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ಈ ಒಂದು ವರ್ಷಕ್ಕೆ ಅರ್ಧ ಕೋಟಿ ರೂಪಾಯಿಗೂ ಮಿಕ್ಕು ತಗಲುತ್ತದೆ. ತೋಟವನ್ನು ಅಡವಿಟ್ಟು ಸಾಲ ಮಾಡುವ ಮನೆಗಳುಂಟು. ಎಲೆಚುಕ್ಕೆ ರೋಗ ತೀರ್ಥಹಳ್ಳಿ, ಹೊಸನಗರಗಳ ಅಡಕೆ ತೋಟಗಳನ್ನು ಕಾಡುತ್ತಿರುವ ಈ ಕಾಲದಲ್ಲಿ ಅಂತಹ ಸಾಲ ಎಷ್ಟು ಅಪಾಯಕರವೆಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಇಷ್ಟಾಗಿ ಬಂದ ಪದವಿಯಿಂದ ತಾಲ್ಲೂಕು ನ್ಯಾಯಾಲಯದಲ್ಲಿ ಕಕ್ಷಿದಾರ ಒಬ್ಬನೂ ಹೆಚ್ಚಾಗುವುದಿಲ್ಲ. ನ್ಯಾಯಾಧೀಶನಾಗುವ ಆಸೆಯುಳ್ಳವರಿಗೂ ಅದು ಹತ್ತಿರದ ದಾರಿಯಲ್ಲ. ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಪುನಃ ಜಾರಿಗೆ ತಂದಿತು.

ಹಾಗಾದರೆ ಹೋಗುವುದೇ ಬೇಡವೇ? ಬೇಡವೆಂದರೆ ಈ ನೆಲದ ಚರಿತ್ರೆಯನ್ನೇ ಮರೆತಂತಾಗುವುದು. ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯವನ್ನು ಎದುರಿಸಿ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಹೂಡಿದಾಗ, ಅದೇ ವರ್ಷದ ಜೂನ್‌ನಲ್ಲಿ ಸಾಗರಕ್ಕೆ ಬಂದು ಬಂಧನಕ್ಕೊಳಗಾದ ಡಾ. ರಾಮಮನೋಹರ ಲೋಹಿಯಾ ಅವರು ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಜರ್ಮನಿಯದಲ್ಲ. ಭಾರತದ ಉಪ್ಪಿನ ತೆರಿಗೆ. ಜರ್ಮನ್ ಭಾಷೆಯನ್ನು ಕಲಿತು, ಆ ಭಾಷೆಯಲ್ಲಿಯೇ ತಮ್ಮ ದೇಶದ ಬಡವನ ಉಪ್ಪಿನ ಮೇಲೆ ಪ್ರಬಂಧ ಬರೆದರು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದಾಗ ಅಲ್ಲಿ ಬರೆದದ್ದು ಮಲೆನಾಡಿನ ಒಂದು ಅಗ್ರಹಾರದ ಕಥೆಯನ್ನು. ಡಾ. ಅಂಬೇಡ್ಕರ್ ಅವರ ಉದಾಹರಣೆ ಇನ್ನೂ ಬೋಧಪ್ರದವಾದುದು. ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಿ, ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ, 1920ರಲ್ಲಿ ಮತ್ತೆ ಹೋಗಿ ಬ್ಯಾರಿಸ್ಟರಾದರು. ಈ ಮೂವರೂ ಊರಿನ ಪ್ರಶ್ನೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದವರೇ ಹೊರತು ಪ್ರಶ್ನೆ ಅಲ್ಲಿ ಸಿಕ್ಕೀತೆಂದು ಹೋದವರಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಅಂತಹ ಪ್ರಶ್ನೆಗಳಿಗೆ ಬರವಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಒಡೆಯನಾದ. (ಆ ಭೂ ನ್ಯಾಯಮಂಡಳಿಗಳ ಮುಂದೆ ವಕೀಲರು ಹಾಜರಾಗಕೂಡದೆಂದು ಕಾಯಿದೆಯಲ್ಲಿಯೇ ಬರೆದಿತ್ತು, ಮಲೆನಾಡಿನ ಅತಿ ದೊಡ್ಡ ಕಾನೂನು ಪಲ್ಲಟ ಕರಿಕೋಟಿನ ಸಹಾಯವಿಲ್ಲದೆ ನಡೆಯಿತೆಂಬುದು ವಕೀಲ ಸಮೂಹ ನೆನಪಿಡಬೇಕಾದ ಸಂಗತಿ.) ಗೇಣಿಯ ಪ್ರಶ್ನೆ ಅಲ್ಲಿಗೆ ಬಹುಮಟ್ಟಿಗೆ ತೀರಿತು. ತೀರದೆ ಉಳಿದದ್ದು ಮುಳುಗಡೆಯ ಪ್ರಶ್ನೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ ತೋಟಗಳು ಶರಾವತಿಯ ಹಿನ್ನೀರಿನಡಿ ಹೋದವು. ನಾಡಿಗೆ ಬೆಳಕು ಕೊಟ್ಟ ಕುಟುಂಬಗಳು ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಕಾಡಿನ ಅಂಚಿಗೆ ಬಂದು ಇಳಿದವು. ಅವರಲ್ಲಿ ಅನೇಕರ ಸಾಗುವಳಿ ನೆಲ ಇಂದಿಗೂ ದಾಖಲೆಗಳಲ್ಲಿ ಅರಣ್ಯವೇ. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರವು ಅದನ್ನು ಬಿಡಿಸಿಕೊಡಲಾರದು. 2006ರ ಅರಣ್ಯ ಹಕ್ಕು ಕಾಯಿದೆಯಾದರೂ ನೆರವಾಯಿತೇ ಎಂದರೆ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರು, ಎಂದರೆ 75 ವರ್ಷ, ಅರಣ್ಯವಾಸಿಗಳಾಗಿದ್ದುದನ್ನು ತೋರಿಸಬೇಕು. ಸರ್ಕಾರವೇ 1964ರ ಸುಮಾರಿಗೆ ತಂದು ಇಳಿಸಿದವನಿಗೆ ಅಂದಿಗೆ ನಲವತ್ತೊಂದು ವರ್ಷಗಳಷ್ಟೇ ಆಗಿದ್ದವು. ಹಿನ್ನೀರಿನಾಚೆಯ ತುಮರಿಯ ಕಡೆಯವರಂತೂ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಸಾಗರದ ಕೋರ್ಟಿಗೆ ಬರಲು ಲಾಂಚನ್ನು ಕಾಯಬೇಕಾಗಿತ್ತು.

ಈ ಪ್ರಶ್ನೆಯನ್ನು ಎತ್ತಿಕೊಂಡು ಹೊರಟವನಿಗೆ ಜಗತ್ತಿನ ನಕ್ಷೆ ಬೇರೆಯಾಗಿ ಕಾಣುತ್ತದೆ. ಆತನಿಗೆ ಬೇಕಾದುದು ಶಾಲೆಗಳ ಶ್ರೇಣಿಪಟ್ಟಿಯಲ್ಲ. ತನ್ನಂತಹುದೇ ವ್ಯಾಜ್ಯ ಎಲ್ಲಿ ನಡೆದಿದೆ ಎಂಬ ತಿಳಿವಳಿಕೆ. ಕೆನಡಾದ ಸರ್ವೋಚ್ಚ ನ್ಯಾಯಾಲಯವು 1997ರ ಡೆಲ್ಗಮೂಕ್ ಪ್ರಕರಣದಲ್ಲಿ, ಮೂಲನಿವಾಸಿಗಳು ಬಾಯಿಂದ ಬಾಯಿಗೆ ಸಾಗಿಸಿಕೊಂಡು ಬಂದ ಚರಿತ್ರೆಯನ್ನು ಭೂಮಿಯ ಹಕ್ಕಿಗೆ ಸಾಕ್ಷ್ಯವೆಂದು ಪರಿಗಣಿಸಿ ಅದಕ್ಕೆ ತಕ್ಕ ತೂಕ ಕೊಡಬೇಕೆಂದಿತು. ನಮ್ಮ ಅರಣ್ಯ ಹಕ್ಕು ನಿಯಮಗಳೂ ಊರಿನ ಹಿರಿಯರ ಲಿಖಿತ ಹೇಳಿಕೆಯನ್ನು ಸಾಕ್ಷ್ಯಗಳಲ್ಲಿ ಒಂದಾಗಿ ಹೆಸರಿಸುತ್ತವೆ. ಆದರೆ ಅಂತಹ ಹೇಳಿಕೆಯನ್ನು ಹೇಗೆ ದಾಖಲಿಸಬೇಕು, ಹೇಗೆ ಸಮರ್ಥಿಸಬೇಕು ಎಂಬ ವಿದ್ಯೆ ಇಲ್ಲಿ ಬೆಳೆದಿಲ್ಲ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಮೂಲನಿವಾಸಿಗಳ ಕಾನೂನನ್ನು 2018ರಿಂದ ಪ್ರತ್ಯೇಕ ಪದವಿಯಾಗಿ ಕಲಿಸುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ 1992ರ ಮಾಬೊ ತೀರ್ಪಿನ ಅನಂತರ ಇದೊಂದು ಶಾಸ್ತ್ರವಾಗಿಯೇ ಬೆಳೆದಿದೆ. ದಕ್ಷಿಣ ಆಫ್ರಿಕದಲ್ಲಿ ಕಸಿದುಕೊಂಡ ಭೂಮಿಯನ್ನು ಹಿಂತಿರುಗಿಸುವ ಕಾಯಿದೆಯೇ 1994ರಲ್ಲಿ ಬಂದಿತು. ಆ ದೇಶದ ಕಾದರ್ ಅಸ್ಮಲ್ ಎಂಬವರು ಗಡೀಪಾರಿನ ಕಾಲದಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಕಾನೂನು ಬೋಧಿಸುತ್ತಿದ್ದವರು. ತಾಯ್ನಾಡಿಗೆ ಮರಳಿ ನೀರಾವರಿ ಮಂತ್ರಿಯಾದರು. ಅಣೆಕಟ್ಟುಗಳನ್ನು ಕುರಿತ ಜಾಗತಿಕ ಆಯೋಗದ ಅಧ್ಯಕ್ಷರಾಗಿ 2000ರಲ್ಲಿ ವರದಿ ಒಪ್ಪಿಸಿದರು. ಮುಳುಗಡೆಯ ಕುಟುಂಬದಿಂದ ಬಂದ ವಿದ್ಯಾರ್ಥಿ ಆ ವರದಿಯನ್ನು ಓದದಿದ್ದರೆ ಅದು ನಷ್ಟವೇ ಸರಿ.

ವಿಚಾರಗಳು ಗಡಿ ದಾಟಿ ಬಂದು ಇಲ್ಲಿಯ ಕಾನೂನನ್ನು ಹೇಗೆ ಬದಲಿಸಬಲ್ಲವೆಂಬುದಕ್ಕೆ ಕನ್ನಡನಾಡಿನ ಅಂಚಿನ ಕಾಸರಗೋಡೇ ಸಾಕ್ಷಿ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಡೀಟ್ರಿಶ್ ಕಾನ್ರಾಡ್ ಎಂಬ ವಿದ್ವಾಂಸರು 1965ರ ಫೆಬ್ರುವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸವೊಂದನ್ನು ಕೊಟ್ಟರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೂ ಒಳಗಿನಿಂದಲೇ ಒಂದು ಮಿತಿಯಿದೆ ಎಂಬುದು ಅದರ ಸಾರ. ಸಂವಿಧಾನದ ಮೂಲಕವೇ ಸಂವಿಧಾನ ಕುಸಿದ ಜರ್ಮನಿಯ ಅನುಭವ ಅದರ ಹಿನ್ನೆಲೆ. ಹಿಂದೆ ಮಂಗಳೂರಿನಲ್ಲಿ ವಕೀಲರಾಗಿದ್ದ ಎಂ. ಕೆ. ನಂಬಿಯಾರ್ ಅವರು ಆ ವಾದವನ್ನು 1967ರ ಗೋಲಕ್‌ನಾಥ್ ಪ್ರಕರಣದಲ್ಲಿ ಮಂಡಿಸಿದರು. ಮುಂದೆ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಯ ಸಲುವಾಗಿ ಹೂಡಿದ ದಾವೆಯಲ್ಲಿ ಹದಿಮೂರು ನ್ಯಾಯಮೂರ್ತಿಗಳು 68 ದಿನ ವಿಚಾರಣೆ ನಡೆಸಿ, 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಮೂಲರಚನೆಯ ತತ್ತ್ವ ನೆಲೆಗೊಂಡುದು ಅಂದು. ನ್ಯಾಯಮೂರ್ತಿ ಖನ್ನಾ ಅವರ ತೀರ್ಪಿನಲ್ಲಿ ಕಾನ್ರಾಡರ ಹೆಸರು ಬರುತ್ತದೆ. ವಿಚಾರ ದೂರದ್ದಾಗಿರಬಹುದು, ಅದನ್ನು ತೊಡಿಸಲು ಇಲ್ಲಿಯ ಕಟ್ಲೆಯನ್ನು ಅಂಗೈಗೆರೆಯಂತೆ ಬಲ್ಲ ವಕೀಲನೊಬ್ಬನಿರಬೇಕು.

ಆದುದರಿಂದ ಇಲ್ಲಿಯ ಪದವಿ, ಆಮೇಲೆ ಹಿರಿಯ ವಕೀಲರೊಬ್ಬರ ಕೈಕೆಳಗೆ ಮೂರು ವರ್ಷದ ದುಡಿಮೆ, ತರುವಾಯ ಹಡಗೋ ವಿಮಾನವೋ, ಇದೇ ಸರಿಯಾದ ಕ್ರಮ. ಒಳ್ಳೆಯ ವಿದ್ಯಾರ್ಥಿವೇತನಗಳ ನಿಯಮಗಳೂ ಇದನ್ನೇ ಬೆಂಬಲಿಸುತ್ತವೆ. ಬ್ರಿಟಿಷ್ ಸರ್ಕಾರದ ಚೀವನಿಂಗ್ ವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿಸಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ವೇತನ ಮೂರು ವರ್ಷದ ಅನುಭವ ಕೇಳುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿಯವರಿಗೆ ಮಾತ್ರವೆಂದು ಹಲವರು ತಿಳಿದಿದ್ದಾರೆ. ಅಲೆಮಾರಿ ಸಮುದಾಯಗಳ, ಭೂರಹಿತ ಕೃಷಿಕೂಲಿಗಳ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಅದರಲ್ಲಿ ಅವಕಾಶವಿದೆ. 1892ರಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿಯು ಸಾಲದ ರೂಪದಲ್ಲಿ ನೆರವಾಗುತ್ತದೆ. ಹೈಡೆಲ್‌ಬರ್ಗಿಗೆ ಹೋಗಬಯಸುವವರು ಜರ್ಮನ್ ಕಲಿಯಬೇಕು.

ಮೂರು ವರ್ಷ ತಾಲ್ಲೂಕು ಕೋರ್ಟಿನಲ್ಲಿ ಕಳೆದವನು ಮತ್ತೆ ಹೊರಡುವುದಿಲ್ಲ, ಇಂಗ್ಲಿಷ್ ತುಕ್ಕು ಹಿಡಿಯುತ್ತದೆ, ಸಂಸಾರ ಕಾಲಿಗೆ ತೊಡರುತ್ತದೆ ಎಂಬ ಆಕ್ಷೇಪಣೆಯುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಆ ಮೂರು ವರ್ಷವೇ ಮದುವೆಯ ಒತ್ತಾಯದ ಕಾಲ. ಕಿರಿಯ ವಕೀಲರಿಗೆ ಬರುವ ಸಂಪಾದನೆ ಬಸ್ಸಿನ ಚಾರ್ಜಿಗೂ ಸಾಲದಿರುವುದರಿಂದ ಬುದ್ಧಿವಂತರು ಬೇರೆ ನೌಕರಿಗೆ ಹೊರಳುತ್ತಾರೆ. ಹಿರಿಯರು ಗಮನ ಕೊಡಬೇಕಾದ ಸ್ಥಳ ಇದೇ.

ತ್ಯಾಗವೀರ ಸಿರಸಂಗಿ ಲಿಂಗರಾಜರು 1906ರಲ್ಲಿ ನಿಧನರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳಿಗೆ ಬರೆದಿಟ್ಟರು. ಅಂತಹ ಪರಂಪರೆಯ ದಾನಿಗಳಿಗೆ ಹಣದ ಕೊರತೆಯಾಗಲಿ ಮನಸ್ಸಿನ ಕೊರತೆಯಾಗಲಿ ಇಲ್ಲ. ಆದರೆ ದಾನ ಈಗ ಸಲ್ಲುತ್ತಿರುವುದು ಪ್ರಯಾಣದ ದಿನಕ್ಕೆ. ಸಲ್ಲಬೇಕಾದುದು ಅದಕ್ಕೆ ಹಿಂದಿನ ಮೂರು ವರ್ಷಗಳಿಗೆ. ಒಬ್ಬ ವಿದ್ಯಾರ್ಥಿಯ ವಿದೇಶದ ಒಂದು ವರ್ಷಕ್ಕೆ ತಗಲುವ ಹಣದಲ್ಲಿ ನಾಲ್ಕೈದು ಮಂದಿ ಕಿರಿಯ ವಕೀಲರಿಗೆ ಮೂರು ವರ್ಷ ತಿಂಗಳ ವೇತನ ಕೊಡಬಹುದು. ಇಂಗ್ಲಿಷ್ ಪರೀಕ್ಷೆಯ ಶುಲ್ಕ, ಅರ್ಜಿಯ ಶುಲ್ಕಗಳನ್ನೂ ಭರಿಸಬಹುದು. ಆ ಬಳಿಕ ಹೊರದೇಶದ ಖರ್ಚು ವೇತನ ಕೊಡುವ ಸಂಸ್ಥೆಗಳ ಪಾಲು. ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ವಕೀಲರಾಗಿರುವ ಹಳೆಯ ವಿದ್ಯಾರ್ಥಿಗಳು ಈ ಕಿರಿಯರ ಅರ್ಜಿಯ ಪ್ರಬಂಧಗಳನ್ನು ಓದಿ ತಿದ್ದಿಕೊಡುವುದಕ್ಕೆ ಹಣವೂ ಬೇಡ.

ವೇತನ ಪಡೆಯುವ ಕಿರಿಯರಿಗೆ ಮೊದಲು ಒಪ್ಪಿಸಬೇಕಾದ ಕೆಲಸವೂ ಸಿದ್ಧವಾಗಿಯೇ ಇದೆ. ಮುಳುಗಿದ ಊರುಗಳಲ್ಲಿ ಗದ್ದೆ ಎಲ್ಲಿತ್ತು, ಗಡಿಯ ಕಲ್ಲು ಎಲ್ಲಿತ್ತು, ಲಾರಿ ಎಲ್ಲಿ ತಂದು ಇಳಿಸಿತು ಎಂಬುದನ್ನು ಕಣ್ಣಾರೆ ಕಂಡು ನೆನಪಿಟ್ಟವರು ಈಗ ಎಪ್ಪತ್ತು ದಾಟಿದ್ದಾರೆ. ಅವರ ಹೇಳಿಕೆಗಳನ್ನು ಕ್ರಮವಾಗಿ ಬರೆದು, ರುಜು ಹಾಕಿಸಿ, ಸರ್ವೆ ನಂಬರಿನೊಡನೆ ಕಟ್ಟಿಡುವ ಕೆಲಸವನ್ನು ಬರುವ ಮಳೆಗಾಲದೊಳಗೆ ಆರಂಭಿಸಬಹುದು.