ಜೋರು ಅಂದ್ರೆ ಚೆಂದ ಅಲ್ಲ

'ರೀಮಾಸ್ಟರ್ಡ್' ಅನ್ನೋ ಪದ ಆಲ್ಬಂ ಕವರಿನ ಮೇಲೆ ಕಂಡರೆ ನನಗೆ ಈಗೀಗ ಅನುಮಾನ ಬರುತ್ತೆ. ಹಳೇ ಮನೆಗೆ ಸುಣ್ಣ ಹೊಡೆಸಿದ್ದೇವೆ ಅಂತ ಹೇಳಿ ಗೋಡೆಯನ್ನೇ ಬೇರೆ ಕಡೆ ಕಟ್ಟಿರುತ್ತಾರೆ. ಕೇಳಿದರೆ, ಬೆಳಕು ಜಾಸ್ತಿ ಬರುತ್ತಲ್ಲ ಸಾರ್ ಅಂತಾರೆ.

ಮೆಗಾಡೆತ್‌ನ 'ರಸ್ಟ್ ಇನ್ ಪೀಸ್' ತಗೊಳ್ಳಿ. 1990ರ ಸೆಪ್ಟೆಂಬರ್‌ನಲ್ಲಿ ಬಂದದ್ದು. 9 ಹಾಡು, ಸುಮಾರು 40 ನಿಮಿಷ. ಮಿಕ್ಸ್ ಮಾಡಿದವನು ಮ್ಯಾಕ್ಸ್ ನಾರ್ಮನ್. ನಾನು ಅದನ್ನ ಮೊದಲು ಕೇಳಿದ್ದು ನಮ್ಮೂರು ಪಾಲಬಾವಿಯಲ್ಲಿ, ಬೆಳಗಾವಿ ಹಾಸ್ಟೆಲ್ಲಿನಿಂದ ರಜೆಗೆ ಬಂದ ಅಣ್ಣ ತಂದಿದ್ದ ಕಾಪಿ ಕ್ಯಾಸೆಟ್ಟಿನಲ್ಲಿ. ಪಂಪ್‌ಸೆಟ್ಟಿಗೆ ಕರೆಂಟು ಬರೋದು ರಾತ್ರಿ, ಕಬ್ಬಿಗೆ ನೀರು ಹಾಯಿಸೋದೂ ರಾತ್ರಿ. ಬದುವಿನ ಮೇಲೆ ಟೇಪ್ ಇಟ್ಟುಕೊಂಡು ಕೂತರೆ, ಸೆಲ್ ವೀಕಾದಂತೆ ಗಿಟಾರ್ ಜೋಲು ಹೊಡೆಯೋದು. ಆದರೂ ಆ ನಲವತ್ತು ನಿಮಿಷದಲ್ಲಿ ಯಾರು ಎಲ್ಲಿ ಉಸಿರು ತಗೋತಾರೆ ಅನ್ನೋದು ನನಗೆ ಬಾಯಿಪಾಠ ಆಗಿತ್ತು.

ಬೆಂಗಳೂರಿಗೆ ಬಂದು, ಸಂಬಳ ಕಂಡು, ಒಳ್ಳೇ ಹೆಡ್‌ಫೋನ್ ಕೊಂಡು, ಆ್ಯಪಿನಲ್ಲಿ ಅದೇ ಆಲ್ಬಂ ಹಾಕಿದೆ. ಉಸಿರು ಇದ್ದ ಜಾಗದಲ್ಲಿರಲಿಲ್ಲ. ಡ್ರಮ್ಮು ಮುಖಕ್ಕೇ ಬಂದು ಕೂತಿತ್ತು. ಕೆಲವು ಹಾಡುಗಳಲ್ಲಿ ದನಿಯೇ ಬೇರೆ. ನನ್ನ ನೆನಪೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ನೆನಪಲ್ಲ. 2004ರಲ್ಲಿ ಡೇವ್ ಮಸ್ಟೇನ್ ಈ ಆಲ್ಬಮ್ಮನ್ನ ಹೊಸದಾಗಿ ಮಿಕ್ಸ್ ಮಾಡಿಸಿದ. ಹಳೇ ಟ್ರ್ಯಾಕ್ ಕೆಲವು ಸಿಗದೆ, 'ಟೇಕ್ ನೋ ಪ್ರಿಸನರ್ಸ್', 'ಫೈವ್ ಮ್ಯಾಜಿಕ್ಸ್' ಥರದ ಹಾಡುಗಳಿಗೆ ಮತ್ತೆ ದನಿ ಕೊಟ್ಟ. ಅಂದರೆ ಇದು ಬರೀ ರೀಮಾಸ್ಟರ್ ಅಲ್ಲ, ಹೊಸ ಮಿಕ್ಸು, ಅಲ್ಲಲ್ಲಿ ಹೊಸ ಹಾಡಿಕೆ. ನನ್ನ ಆ್ಯಪಿನಲ್ಲಿದ್ದದ್ದು ಇದೊಂದೇ. 1990ರದ್ದು ಬೇಕು ಅಂದವನು ಸೆಕೆಂಡ್‌ಹ್ಯಾಂಡ್ ಸಿ.ಡಿ. ಹುಡುಕಿಕೊಂಡು ಅಲೆಯಬೇಕು. ನಾನು ಅಲೆದೆ.

ಇಲ್ಲಿ ಒಂದು ಮೋಸ ಇದೆ, ಅರ್ಥ ಮಾಡಿಕೊಳ್ಳಿ. ಒಂದೇ ಹಾಡನ್ನ ಎರಡು ಸಲ ಹಾಕಿ, ಎರಡನೇ ಸಲ ಚೂರೇ ಚೂರು ವಾಲ್ಯೂಮ್ ಏರಿಸಿದರೆ, ನಮ್ಮ ಕಿವಿ ಅದನ್ನ 'ಜೋರಾಗಿದೆ' ಅನ್ನಲ್ಲ, 'ಚೆನ್ನಾಗಿದೆ' ಅನ್ನುತ್ತೆ. ಸದ್ದು ಹೆಚ್ಚಾದಷ್ಟೂ ತಳದ ಬೇಸು, ಮೇಲಿನ ಝಣಝಣ ಎರಡೂ ಹೆಚ್ಚು ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಇದನ್ನ 1933ರಲ್ಲೇ ಅಳೆದು ಬರೆದಿಟ್ಟರು. ಕಂಪನಿಗಳು ಕಲಿತದ್ದೂ ಇದನ್ನೇ. ಹಾಡಿನ ಏರುಗಳನ್ನ ತಲೆ ಕತ್ತರಿಸಿ ಸಮ ಮಾಡು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲಕ್ಕೆತ್ತು. ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' 2008ರಲ್ಲಿ ಬಂದಾಗ ಇದು ಹದ್ದು ಮೀರಿತು. 'ಗಿಟಾರ್ ಹೀರೋ' ವಿಡಿಯೋ ಗೇಮಿಗೆ ಕೊಟ್ಟ ಅದೇ ಹಾಡುಗಳು ಸಿ.ಡಿ.ಗಿಂತ ಸ್ವಚ್ಛವಾಗಿದ್ದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿ, ಮತ್ತೆ ಮಿಕ್ಸ್ ಮಾಡಿ ಅಂದರು. ನನ್ನ ಕೈಗೆ ಬರೋ ಹೊತ್ತಿಗೇ ಅದನ್ನ ಹಿಂಡಿಬಿಟ್ಟಿದ್ದರು ಅಂತ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ನೇ ಬರೆದದ್ದು ಹೊರಬಿತ್ತು.

ಇದು ನಮ್ಮೂರಿಗೆ ಹೊಸದಲ್ಲ. ನಮ್ಮ ಕಡೆ ಡಿಜೆ ಸೌಂಡಿಗೆ 'ಡಾಲ್ಬಿ' ಅಂತಾರೆ. ಟ್ರ್ಯಾಕ್ಟರ್ ಟ್ರಾಲಿ ಮೇಲೆ ಗೋಡೆಯಷ್ಟೆತ್ತರ ಸ್ಪೀಕರ್ ಪೇರಿಸಿ ಮೆರವಣಿಗೆ ಹೊರಟರೆ, ಮನೆಯೊಳಗೆ ಮಾಡದ ಪಾತ್ರೆ ನಡುಗುತ್ತವೆ. ನಮ್ಮ ಕಾಕಾ ಕರಡಿ ಮಜಲಿನವನು. ಕರಡಿ, ತಾಳ, ಸನಾದಿ. ಆ ಮೇಳದಲ್ಲಿ ಸನಾದಿ ಎಳೆಯುವಾಗ ಕರಡಿ ತಗ್ಗುತ್ತೆ, ಆಮೇಲೆ ಏರುತ್ತೆ. ತಗ್ಗಿದ್ದಕ್ಕೇ ಏರು ಗೊತ್ತಾಗೋದು. ಡಾಲ್ಬಿಯಲ್ಲಿ ತಗ್ಗೇ ಇಲ್ಲ. ಡಾಲ್ಬಿ ಬಂದಮೇಲೆ ಮದುವೆಗೆ ಕಾಕಾನನ್ನ ಕರೆಯೋರು ಕಮ್ಮಿಯಾದರು. "ನಮ್ದು ಕೇಳಸೂದಿಲ್ಲಂತ್ರಿ," ಅಂತ ಯಾರಿಗೋ ಹೇಳುತ್ತಿದ್ದ.

ಹೋದ ದೀಪಾವಳಿಗೆ ಊರಿಗೆ ಹೋದಾಗ 'ಟೇಕ್ ನೋ ಪ್ರಿಸನರ್ಸ್' ಎರಡೂ ಥರ ಕಾಕಾನಿಗೆ ಕೇಳಿಸಿದೆ.

"ಎರಡನೇದ ಖಡಕ್ ಐತಿ ನೋಡು," ಅಂದ. 2004ರದ್ದು. ನನಗೆ ಮುಖ ಸಪ್ಪಗಾಯ್ತು. ಅದರ ವಾಲ್ಯೂಮ್ ಇಳಿಸಿ, ಎರಡೂ ಒಂದೇ ಮಟ್ಟಕ್ಕೆ ತಂದು ಮತ್ತೆ ಹಾಕಿದೆ. ಈ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಖಡಕ್ ಎಲ್ಲಿ ಹೋತಲೇ ತಮ್ಮಾ? ಮತ್ತ ಹಾಡಾಂವ ಬ್ಯಾರೆ ಅದಾನಲ್ಲ?"

"ಅಂವನ ಅದಾನ ಕಾಕಾ. ಹದಿನಾಕ ವರ್ಷ ಆದಮ್ಯಾಲೆ ಮತ್ತ ಹಾಡ್ಯಾನ."

"ಹಂಗಾರ ಹಳೇ ಹಾಡಿಕಿ ಏನ ಮಾಡಿದ್ರು?"

ನನ್ನ ಪ್ರಶ್ನೆಯೂ ಅದೇ.

ಹಾಡು ಅವನದು, ಅವನಿಷ್ಟ ಅಂತ ಸ್ನೇಹಿತರು ಅಂತಾರೆ. ಒಪ್ಪಿದೆ, ಹತ್ತು ಸಲ ಮಿಕ್ಸ್ ಮಾಡಲಿ. ಆದರೆ ಹಳೆಯದರ ಹೆಸರಿನಲ್ಲಿ, ಹಳೆಯದರ ಜಾಗದಲ್ಲಿ ಹೊಸದನ್ನ ಕೂರಿಸಿ, ಹಳೆಯದನ್ನ ಅಂಗಡಿಯಿಂದಲೇ ತೆಗೆಯೋದು ಬೇರೆ ಮಾತು. ಮ್ಯಾಕ್ಸ್ ನಾರ್ಮನ್ ಕೆಲಸ, 2016ರಲ್ಲಿ ತೀರಿಹೋದ ನಿಕ್ ಮೆಂಜಾನ ಡ್ರಮ್ಮು ಆಗ ಕೇಳಿಸಿದ ರೀತಿ, ಇವು ಬರೀ ಮಸ್ಟೇನ್ ಆಸ್ತಿಯಲ್ಲ.

ಬ್ಲೂಟೂತ್ ಇಯರ್‌ಬಡ್‌ನಲ್ಲಿ ಇದೆಲ್ಲ ಯಾರಿಗೆ ಗೊತ್ತಾಗುತ್ತೆ ಅನ್ನೋರಿಗೆ: ಕಾಕಾ ಕೇಳಿದ್ದು ಫೋನಿನ ಸ್ಪೀಕರಿನಲ್ಲಿ.

ಹಾಗಂತ ನಾನು ವಿನೈಲ್ ಭಕ್ತರ ಪಾರ್ಟಿಯೂ ಅಲ್ಲ. ಇಂದಿರಾನಗರದ ಗೋಡೆಗಳ ಮೇಲೆ ಫಸ್ಟ್ ಪ್ರೆಸಿಂಗ್ ನೇತು ಹಾಕಿ, ಕವರ್ ಬಿಚ್ಚದವರನ್ನ ಕಂಡಿದ್ದೀನಿ. ಎಲ್.ಪಿ.ಗೂ ಮಿತಿ ಇದೆ. 33⅓ ವೇಗದ ತಟ್ಟೆಯಲ್ಲಿ ಹೊರ ಅಂಚಿನ ಗೀರು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳಗಿನದು 21 ಮಾತ್ರ. ಪ್ರತಿ ಬದಿಯ ಕೊನೇ ಹಾಡಿಗೆ ಜಾಗ ಇಕ್ಕಟ್ಟು, ಸಿಂಬಲ್ ಸೀಳೋದು ಅದಕ್ಕೇ. ಹಿಂಡಿದ ಮಾಸ್ಟರನ್ನೇ ತಂದು 180 ಗ್ರಾಂ ತಟ್ಟೆಗೆ ಒತ್ತಿದರೆ, ಹಿಂಡಿದ್ದೇ ದುಬಾರಿಯಾಗಿ ಸಿಗುತ್ತೆ, ಅಷ್ಟೇ. ನೋಡಬೇಕಾದ್ದು ತಟ್ಟೆಯೋ ಸಿ.ಡಿ.ಯೋ ಅನ್ನೋದಲ್ಲ, ಯಾವ ವರ್ಷದ ಮಿಕ್ಸು, ಯಾರು ಮಾಸ್ಟರ್ ಮಾಡಿದರು ಅನ್ನೋದು.

ನಾನು ಕೇಳೋದು ಇಷ್ಟೇ. ಎರಡೂ ಇರಲಿ, ಪಕ್ಕಪಕ್ಕದಲ್ಲಿರಲಿ, ಯಾವುದು ಯಾವ ವರ್ಷದ್ದು ಅಂತ ಕವರಿನ ಮೇಲೇ ಬರೆದಿರಲಿ. ಆಮೇಲೆ ನಿಮಗೆ 2004ರದ್ದೇ ಇಷ್ಟವಾದರೆ ನನ್ನ ತಕರಾರಿಲ್ಲ. ಆದರೆ ಹೇಳೋ ಮೊದಲು ವಾಲ್ಯೂಮ್ ಸಮ ಮಾಡಿಕೊಂಡು ಕೇಳಿ.

ಕಾಕಾ ಆ ಹಳೇ ಸಿ.ಡಿ.ಯ ಹಾಡುಗಳನ್ನ ತನ್ನ ಫೋನಿಗೂ ಹಾಕಿಸಿಕೊಂಡ. ಕೇಳ್ತಾನೋ ಇಲ್ಲವೋ ಗೊತ್ತಿಲ್ಲ. "ಇರ್ಲಿ ಇಡು," ಅಂದ. "ಹಳೇದಂತೀಯಲ್ಲ."